ಜಾರ್ಜ್ ಮೈಕನ್: ಒಬ್ಬನನ್ನು ತಡೆಯಲು ಬದಲಾದ ಆಟ

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ರಿಂಗ್‌ನ ಕೆಳಗೆ ಬಣ್ಣ ಬಳಿದ ಒಂದು ಪಟ್ಟಿ ಇರುತ್ತದೆ. ತನ್ನ ತಂಡದ ಕೈಯಲ್ಲಿ ಚೆಂಡಿರುವಾಗ ಯಾವ ಆಟಗಾರನೂ ಅದರೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಈಗ ಆ ಪಟ್ಟಿಯ ಅಗಲ 16 ಅಡಿ. 1951ರವರೆಗೆ ಅದು ಬರೀ 6 ಅಡಿ ಇತ್ತು. ಆ ವರ್ಷ ಅದನ್ನು ಒಮ್ಮೆಗೇ 12 ಅಡಿಗೆ ಹಿಗ್ಗಿಸಿದರು. ಕಾರಣ ಒಬ್ಬನೇ ಆಟಗಾರ: 6 ಅಡಿ 10 ಅಂಗುಲ ಎತ್ತರದ, ದಪ್ಪ ಗಾಜಿನ ದುಂಡು ಕನ್ನಡಕದ ಜಾರ್ಜ್ ಮೈಕನ್. ಅಮೆರಿಕದ ಕ್ರೀಡಾ ಬರಹಗಾರರು ಇವತ್ತಿಗೂ ಆ ತಿದ್ದುಪಡಿಯನ್ನು 'ಮೈಕನ್ ನಿಯಮ' ಎಂದೇ ಕರೆಯುತ್ತಾರೆ.

ಮೈಕನ್ ಎಷ್ಟು ಪಾಯಿಂಟ್ ಗಳಿಸಿದ, ಎಷ್ಟು ಕಪ್ ಗೆದ್ದ ಎಂಬ ಲೆಕ್ಕ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಕುತೂಹಲ ಇರುವುದು ಬೇರೆ ಕಡೆ. ಈ ಮನುಷ್ಯನನ್ನು ಕಟ್ಟಿಹಾಕಲು ಆಟ ನಡೆಸುವವರು ಏನೇನು ಮಾಡಿದರು, ಅದರಲ್ಲಿ ಯಾವುದು ಫಲಿಸಿತು, ಯಾವುದು ತಿರುಗುಬಾಣವಾಯಿತು ಎನ್ನುವುದರಲ್ಲಿ. ಇಂದು ನಾವು ಟಿವಿಯಲ್ಲಿ ನೋಡುವ ಬ್ಯಾಸ್ಕೆಟ್‌ಬಾಲ್‌ನ ಅರ್ಧ ನಿಯಮಗಳ ಹುಟ್ಟು ಅರ್ಥವಾಗುವುದು ಅಲ್ಲಿಂದಲೇ.

ಮೈಕನ್ ಹುಟ್ಟಿದ್ದು 1924ರ ಜೂನ್ 18ರಂದು, ಶಿಕಾಗೋಗೆ ಹತ್ತಿರದ ಜೋಲಿಯೆಟ್ ಎಂಬ ಊರಿನಲ್ಲಿ. ತಂದೆಯ ಮೂಲ ಕ್ರೊಯೇಷಿಯಾ, ತಾಯಿಯದು ಲಿಥುವೇನಿಯಾ. ಮನೆಯವರು ಊಟ, ಪಾನೀಯಗಳ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದರು. ಹುಡುಗನಾಗಿದ್ದಾಗ ಮೊಣಕಾಲು ಮುರಿದುಕೊಂಡು ಬಹುಕಾಲ ಹಾಸಿಗೆ ಹಿಡಿದಿದ್ದ. ಕಣ್ಣು ಬೇರೆ ಮಂದ. ಕನ್ನಡಕದ ಹುಡುಗ ಆಡಲಾರ ಎಂದು ಶಾಲೆಯ ತಂಡದಿಂದ ತನ್ನನ್ನು ಕೈಬಿಟ್ಟರೆಂದು ಮುಂದೆ ಹೇಳಿಕೊಳ್ಳುತ್ತಿದ್ದ. ಪಾದ್ರಿಯಾಗುವ ಯೋಚನೆಯಲ್ಲಿ ಶಿಕಾಗೋದ ಕ್ವಿಗ್ಲಿ ಸೆಮಿನರಿ ಶಾಲೆಗೂ ಸೇರಿದ್ದ. ನಾಟ್ರಡೇಮ್ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಗೆ ಹೋದಾಗ ಅಲ್ಲಿನ ಕೋಚ್ ಜಾರ್ಜ್ ಕಿಯೋಗನ್‌ಗೆ ಕಂಡದ್ದು ಕಾಲು ಎತ್ತಿಡಲು ಬಾರದ ಒಬ್ಬ ಒಡ್ಡೊಡ್ಡು ಹುಡುಗ. ವಾಪಸ್ ಕಳಿಸಿದರು.

ಇವತ್ತಿನ ಕಣ್ಣಿಗೆ ಇದು ವಿಚಿತ್ರ. ಏಳಡಿಯ ಸಮೀಪದ ಹುಡುಗ ಬಾಗಿಲಿಗೆ ಬಂದರೆ ಯಾವ ಕೋಚ್ ಬೇಡ ಎನ್ನುತ್ತಾನೆ? ಆದರೆ ಆಗ ಬ್ಯಾಸ್ಕೆಟ್‌ಬಾಲ್ ಓಡುವವರ, ಚೆಂಡು ಪಾಸ್ ಮಾಡುವವರ ಆಟ. ತೀರ ಎತ್ತರದವರು ನಿಧಾನ, ಎಡವುತ್ತಾರೆ, ಬೇಗ ಸುಸ್ತಾಗುತ್ತಾರೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅವರ ಎತ್ತರವನ್ನು ಹೇಗೆ ಬಳಸಿಕೊಳ್ಳಬೇಕೆಂದು ಯೋಚಿಸಿದವರೇ ಕಡಿಮೆ.

ಯೋಚಿಸಿದವರು ರೇ ಮೆಯರ್. 1942ರಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೈಕನ್‌ನ ಎತ್ತರ ದೇವರು ಕೊಟ್ಟದ್ದು, ಉಳಿದದ್ದನ್ನೆಲ್ಲ ಕಲಿಸಬಹುದು ಎಂದು ಅವರಿಗೆ ಅನಿಸಿತು. ಹುಡುಗನಿಗೆ ಹಗ್ಗದಾಟ ಹಚ್ಚಿದರು. ಬಾಕ್ಸಿಂಗ್ ಪಟುಗಳಂತೆ ಗಾಳಿಗೆ ಗುದ್ದಿಸಿದರು. ಹೆಜ್ಜೆ ಹಗುರವಾಗಲೆಂದು ಕಾಲೇಜಿನ ಒಬ್ಬ ವಿದ್ಯಾರ್ಥಿನಿಯನ್ನು ಒಪ್ಪಿಸಿ ಡ್ಯಾನ್ಸ್ ಪಾಠ ಹೇಳಿಸಿದರು. ತಂಡದ ಅತಿ ಗಿಡ್ಡ, ಅತಿ ಚುರುಕು ಹುಡುಗನನ್ನು ಎದುರು ನಿಲ್ಲಿಸಿ ಅವನ ಬೆನ್ನಟ್ಟಿಸಿದರು.

ಇದೆಲ್ಲದರ ನಡುವೆ ರೂಪುಗೊಂಡ ಒಂದು ಅಭ್ಯಾಸ ಇಂದಿಗೂ 'ಮೈಕನ್ ಡ್ರಿಲ್' ಎಂಬ ಹೆಸರಿನಲ್ಲಿ ಮಕ್ಕಳಿಗೆ ಮೊದಮೊದಲು ಕಲಿಸುವ ಪಾಠಗಳಲ್ಲಿ ಸೇರಿದೆ. ರಿಂಗ್‌ನ ಕೆಳಗೆ ನಿಲ್ಲಬೇಕು. ಎಡಗಾಲು ಊರಿ ಮೇಲೆದ್ದು, ಬಲಗೈಯಿಂದ ರಿಂಗ್‌ನ ಬಲಬದಿಯಲ್ಲಿ ಬೋರ್ಡಿಗೆ ತಾಗಿಸಿ ಚೆಂಡು ಹಾಕಬೇಕು. ಬಲೆಯಿಂದ ಬಿದ್ದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು, ಭುಜಕ್ಕಿಂತ ಕೆಳಗೆ ಇಳಿಸದೆ, ಈ ಸಲ ಬಲಗಾಲು ಊರಿ ಎಡಗೈಯಿಂದ ಎಡಬದಿಯಲ್ಲಿ ಹಾಕಬೇಕು. ಮತ್ತೆ ಬಲ, ಮತ್ತೆ ಎಡ. ಡ್ರಿಬಲ್ ಇಲ್ಲ, ಬಿಡುವಿಲ್ಲ. ನೋಡಲು ಸಪ್ಪೆ. ಮಾಡಿ ನೋಡಿದರೆ ಒಂದೆರಡು ನಿಮಿಷದಲ್ಲಿ ತೋಳು ಸೋಲುತ್ತದೆ, ಎಡಗೈ ಮಾತು ಕೇಳುವುದಿಲ್ಲ. ಚೆಂಡನ್ನು ಕೆಳಗೆ ಇಳಿಸಬಾರದು ಎಂಬುದರಲ್ಲೇ ಇದರ ಗುಟ್ಟಿದೆ. ಎತ್ತರದವನು ಚೆಂಡನ್ನು ಸೊಂಟದ ಮಟ್ಟಕ್ಕೆ ತಂದನೆಂದರೆ ಗಿಡ್ಡ ಆಟಗಾರನಿಗೂ ಅದು ಎಟಕುತ್ತದೆ. ತನ್ನ ಎತ್ತರವನ್ನು ತಾನೇ ಬಿಟ್ಟುಕೊಟ್ಟಂತೆ.

ಇನ್ನೊಂದು ಆಯುಧ ಹುಕ್ ಶಾಟ್. ರಿಂಗ್‌ಗೆ ಪಕ್ಕೆ ತೋರಿಸಿ ನಿಂತು, ಎದುರಾಳಿಗೂ ಚೆಂಡಿಗೂ ನಡುವೆ ತನ್ನ ಮೈಯನ್ನೇ ಅಡ್ಡ ಇಟ್ಟು, ದೂರದ ಕೈಯನ್ನು ನೀಳವಾಗಿ ಚಾಚಿ ತಲೆಯ ಮೇಲಿಂದ ಕಮಾನಿನಂತೆ ತಂದು ಚೆಂಡು ಬಿಡುವುದು. ತಡೆಯುವವನು ಅದನ್ನು ಮುಟ್ಟಬೇಕಾದರೆ ಮೈಕನ್‌ನ ಭುಜವನ್ನೂ ತಲೆಯನ್ನೂ ದಾಟಿ ಕೈ ಹಾಕಬೇಕು. ಅಷ್ಟರಲ್ಲಿ ಈ ಕಡೆಯ ಮೊಣಕೈ ಅವನ ಎದೆಗೋ ಗದ್ದಕ್ಕೋ ಬಡಿದಿರುತ್ತಿತ್ತು. ಮೈಕನ್‌ನ ಮೊಣಕೈ ಬಗ್ಗೆ ಎದುರಾಳಿಗಳ ದೂರು ಜೀವನಪೂರ್ತಿ ನಿಲ್ಲಲಿಲ್ಲ. ಯಾರಾದರೂ ಕೇಳಿದರೆ ಅಂಗಿ ಎತ್ತಿ ತನ್ನ ಮೈಮೇಲಿನ ಗಾಯದ ಕಲೆಗಳನ್ನು ತೋರಿಸಿ, ಇವೇನು ಹುಟ್ಟುಮಚ್ಚೆಗಳೇ ಎಂದು ಕೇಳುತ್ತಿದ್ದನಂತೆ.

ಮೊದಲ ನಿಯಮ ಬಂದದ್ದು ಕಾಲೇಜು ದಿನಗಳಲ್ಲೇ. ರಿಂಗ್ ಇರುವುದು 10 ಅಡಿ ಎತ್ತರದಲ್ಲಿ. ಮೈಕನ್ ಮತ್ತು ಒಕ್ಲಹೋಮಾ ಎ ಅಂಡ್ ಎಂ ಕಾಲೇಜಿನ ಏಳಡಿಯ ಬಾಬ್ ಕರ್ಲೆಂಡ್, ಇಬ್ಬರೂ ರಿಂಗ್‌ನ ಬಳಿ ನಿಂತು, ಎದುರಾಳಿ ಎಸೆದ ಚೆಂಡು ಇಳಿದು ಬಲೆ ಸೇರುವ ಹೊತ್ತಿಗೆ ಹಾರಿ ಅದನ್ನು ಹೊಡೆದು ಹಾಕುತ್ತಿದ್ದರು. ಗುರಿ ಎಷ್ಟೇ ಸರಿಯಿದ್ದರೂ ಪಾಯಿಂಟ್ ಇಲ್ಲ. ಹೀಗಾದರೆ ದೂರದಿಂದ ಎಸೆಯುವ ಕಲೆಗೆ ಬೆಲೆ ಏನು? 1944ರಲ್ಲಿ ಕಾಲೇಜು ಆಟದ ನಿಯಮ ರೂಪಿಸುವವರು ಗೋಲ್‌ಟೆಂಡಿಂಗ್ ನಿಷೇಧಿಸಿದರು: ರಿಂಗ್‌ನತ್ತ ಇಳಿಯುತ್ತಿರುವ ಚೆಂಡನ್ನು ತಡೆಯುವ ತಂಡ ಮುಟ್ಟಿದರೆ, ಚೆಂಡು ಬಲೆಗೆ ಬಿದ್ದಂತೆಯೇ ಲೆಕ್ಕ. ಏರುತ್ತಿರುವ ಚೆಂಡನ್ನು ತಡೆಯುವುದು ಈಗಲೂ ಸರಿ, ಇಳಿಯುವಾಗ ಮುಟ್ಟಿದರೆ ತಪ್ಪು. ಇಂದು ಟಿವಿಯಲ್ಲಿ ರೆಫರಿಗಳು ಸ್ಲೋ ಮೋಷನ್ ನೋಡಿ ನಿರ್ಧರಿಸುವ ಆ ಸೂಕ್ಷ್ಮ ಗೆರೆ ಎಳೆದದ್ದು ಈ ಇಬ್ಬರು ಹುಡುಗರಿಗಾಗಿ.

ಮೈಕನ್‌ಗೆ ಇದರಿಂದ ನಷ್ಟವಾಗಿರಬೇಕಲ್ಲ? ಮುಂದಿನ ವರ್ಷವೇ, 1945ರಲ್ಲಿ, ನ್ಯೂಯಾರ್ಕ್‌ನಲ್ಲಿ ನಡೆಯುತ್ತಿದ್ದ ಕಾಲೇಜು ತಂಡಗಳ ಎನ್‌ಐಟಿ ಟೂರ್ನಿಯಲ್ಲಿ ಡಿಪಾಲ್ ರೋಡ್ ಐಲೆಂಡ್ ತಂಡವನ್ನು 97–53ರಿಂದ ಸೋಲಿಸಿತು. ಮೈಕನ್ ಒಬ್ಬನ ಗಳಿಕೆ 53. ಎದುರಾಳಿ ತಂಡ ಇಡೀ ಪಂದ್ಯದಲ್ಲಿ ಗಳಿಸಿದಷ್ಟೇ! ಕಪ್ ಕೂಡ ಡಿಪಾಲ್ ಪಾಲಾಯಿತು. ತಡೆಯುವ ಕೆಲಸದಿಂದ ಬಿಡುಗಡೆ ಸಿಕ್ಕಿ ಆತನ ಗಮನ ಗಳಿಸುವತ್ತ ತಿರುಗಿತು ಎಂದೇ ನಾನು ಓದಿಕೊಳ್ಳುತ್ತೇನೆ.

1946ರಲ್ಲಿ ಮೈಕನ್ ವೃತ್ತಿಪರ ಆಟಕ್ಕೆ ಇಳಿದ. ಆಗಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಎಂದರೆ ಗೊಂದಲದ ಗೂಡು. ಲೀಗ್‌ಗಳು ಹುಟ್ಟುತ್ತಿದ್ದವು, ಸಾಯುತ್ತಿದ್ದವು. ಕಾರ್ಖಾನೆಗಳ ಹೆಸರಿನ ತಂಡಗಳು, ಸಣ್ಣ ಊರುಗಳ ಹಾಲ್‌ಗಳು. ಶಿಕಾಗೋದ ಅಮೆರಿಕನ್ ಗಿಯರ್ಸ್ ತಂಡ ಐದು ವರ್ಷಕ್ಕೆ 60,000 ಡಾಲರ್ ಕೊಟ್ಟು ಆತನನ್ನು ಕರೆದುಕೊಂಡಿತು, ಮೊದಲ ವರ್ಷವೇ ಎನ್‌ಬಿಎಲ್ ಎಂಬ ಲೀಗ್ ಗೆದ್ದಿತು. ಗೆದ್ದ ಅಮಲಿನಲ್ಲಿ ತಂಡದ ಮಾಲೀಕ ತನ್ನದೇ ಹೊಸ ಲೀಗ್ ಕಟ್ಟಿದ. ಅದು ಸುಮಾರು ಒಂದು ತಿಂಗಳಲ್ಲಿ ಮುಚ್ಚಿಹೋಯಿತು. ಮೈಕನ್ ಬೀದಿಗೆ ಬಿದ್ದ ಎನ್ನಬಹುದಿತ್ತು, ಆದರೆ ಅಂಥವನನ್ನು ಬೀದಿಯಲ್ಲಿ ಯಾರು ಬಿಡುತ್ತಾರೆ?

ಮಿನಿಯಾಪೊಲಿಸ್‌ನಲ್ಲಿ ಲೇಕರ್ಸ್ ಎಂಬ ಹೊಸ ತಂಡ ಹುಟ್ಟಿತ್ತು. ಡೆಟ್ರಾಯಿಟ್‌ನ ಸೋತು ಸುಣ್ಣವಾದ ತಂಡವೊಂದನ್ನು ಕೊಂಡು ಕಟ್ಟಿದ್ದು. ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಆಟಗಾರರ ಆಯ್ಕೆಯಲ್ಲಿ ಮೊದಲ ಸರದಿ ಎಂಬ ಪದ್ಧತಿಯಿಂದ ಮೈಕನ್ ಅವರ ಪಾಲಿಗೆ ಬಂದ. ಮಾತುಕತೆ ಮಾತ್ರ ಕುದುರಲಿಲ್ಲ. ಮನೆಗೆ ಹೋಗುತ್ತೇನೆ, ವಿಮಾನ ನಿಲ್ದಾಣಕ್ಕೆ ಬಿಡಿ ಎಂದ. ಕಾರು ಓಡಿಸಿದವರು ಪತ್ರಕರ್ತ ಸಿಡ್ ಹಾರ್ಟ್‌ಮನ್. ತಂಡ ಕಟ್ಟುವುದರಲ್ಲೂ ಅವರ ಕೈವಾಡವಿತ್ತು. ಬೇಕೆಂದೇ ದಾರಿ ತಪ್ಪಿಸಿ ವಿಮಾನ ಹಾರಿಹೋಗುವಷ್ಟು ಹೊತ್ತು ಸುತ್ತಿಸಿದೆ ಎಂದು ಹಾರ್ಟ್‌ಮನ್ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡರು. ಮರುದಿನ ಮೈಕನ್ ಸಹಿ ಹಾಕಿದ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಸಹಿ ಮಾತ್ರ ನಿಜ.

ಅಲ್ಲಿಂದ ಏಳು ವರ್ಷ ಲೇಕರ್ಸ್‌ನದೇ ರಾಜ್ಯಭಾರ. ಕೋಚ್ ಜಾನ್ ಕುಂಡ್ಲಾ, ಜೊತೆಗೆ ಜಿಮ್ ಪೊಲಾರ್ಡ್, ವರ್ನ್ ಮಿಕೆಲ್ಸನ್, ಸ್ಲೇಟರ್ ಮಾರ್ಟಿನ್‌ರಂಥ ಆಟಗಾರರು. 1948ರಲ್ಲಿ ಎನ್‌ಬಿಎಲ್ ಗೆದ್ದರು. ಆಮೇಲೆ ಬಿಎಎ ಎಂಬ ಎದುರು ಲೀಗ್‌ಗೆ ಹಾರಿ 1949ರಲ್ಲಿ ಅದನ್ನೂ ಗೆದ್ದರು. ವಾಷಿಂಗ್ಟನ್ ವಿರುದ್ಧದ ಆ ಫೈನಲ್ ಸರಣಿಯ ನಡುವೆ ಮಣಿಕಟ್ಟು ಮುರಿದರೂ ಮೈಕನ್ ಪ್ಲಾಸ್ಟರ್ ಹಾಕಿಕೊಂಡೇ ಆಡಿದ. ಅದೇ ವರ್ಷ ಎರಡೂ ಲೀಗ್‌ಗಳು ಸೇರಿ ಎನ್‌ಬಿಎ ಆಯಿತು. 1950, 1952, 1953, 1954ರ ಪ್ರಶಸ್ತಿಗಳೂ ಲೇಕರ್ಸ್‌ನದೇ. ನಡುವಿನ 1951 ಒಂದೇ ತಪ್ಪಿದ್ದು, ಅದೂ ಮೈಕನ್ ಕಾಲು ಮುರಿದುಕೊಂಡಿದ್ದಾಗ. 1949ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಹೊರಗಿನ ದೀಪದ ಫಲಕದ ಮೇಲೆ ಬರೆದದ್ದು ಲೇಕರ್ಸ್ ಎಂದಲ್ಲ, 'ಜಾರ್ಜ್ ಮೈಕನ್ ವಿರುದ್ಧ ನಿಕ್ಸ್' ಎಂದು. ನಿಕ್ಸ್ ಎಂದರೆ ನ್ಯೂಯಾರ್ಕ್‌ನ ತಂಡ. ಡ್ರೆಸ್ಸಿಂಗ್ ರೂಮಿನಲ್ಲಿ ಮೈಕನ್ ತಯಾರಾದ. ಉಳಿದವರು ಬಟ್ಟೆ ಬದಲಿಸದೆ ಸುಮ್ಮನೆ ಕುಳಿತಿದ್ದರು. ಬೋರ್ಡಿನಲ್ಲಿ ನಿನ್ನ ಹೆಸರೊಂದೇ ಇದೆ, ಹೋಗಿ ಆಡಿಕೋ ಎಂದು ರೇಗಿಸಿದರು.

ಈ ಯಶಸ್ಸಿನ ಜೊತೆಗೇ ಹೇಳಬೇಕಾದ ಇನ್ನೊಂದು ಮಾತಿದೆ. ಈ ಬಿಳಿಯರ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತ್ತು. 1948ರ ಫೆಬ್ರವರಿಯಲ್ಲಿ ಶಿಕಾಗೋ ಸ್ಟೇಡಿಯಂನಲ್ಲಿ ಲೇಕರ್ಸ್ ಪೂರ್ತಿ ಕಪ್ಪು ಆಟಗಾರರ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದ ಎದುರು ಪ್ರದರ್ಶನ ಪಂದ್ಯ ಆಡಿತು. 17,823 ಜನ ಸೇರಿದ್ದರು. ಗ್ಲೋಬ್‌ಟ್ರಾಟರ್ಸ್ ಎಂದರೆ ಕಸರತ್ತು ತೋರಿಸಿ ನಗಿಸುವವರು ಎಂದುಕೊಂಡಿದ್ದವರೇ ಹೆಚ್ಚು. ಅರ್ಧ ಆಟ ಮುಗಿದಾಗ 32–23ರಿಂದ ಲೇಕರ್ಸ್ ಮುಂದಿತ್ತು. ದ್ವಿತೀಯಾರ್ಧದಲ್ಲಿ ಗ್ಲೋಬ್‌ಟ್ರಾಟರ್ಸ್ ಮೈಕನ್ ಮೇಲೆ ಇಬ್ಬಿಬ್ಬರನ್ನು ಬಿಟ್ಟು, ವೇಗ ಹೆಚ್ಚಿಸಿ, ಕೊನೆಯ ಕ್ಷಣದಲ್ಲಿ ಎರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡಿನಿಂದ 61–59ರಲ್ಲಿ ಗೆದ್ದಿತು. ಮರುವರ್ಷವೂ ಸೋಲಿಸಿತು. 1950ರಲ್ಲಿ ಎನ್‌ಬಿಎ ಅರ್ಲ್ ಲಾಯ್ಡ್, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್ ಅವರನ್ನು ಒಳಗೆ ಬಿಟ್ಟುಕೊಂಡಿತು. ಅದಕ್ಕೆ ಮೊದಲಿನ ಮೈಕನ್ ದಾಖಲೆಗಳನ್ನು ನೋಡುವಾಗ, ಎದುರು ನಿಲ್ಲಬಹುದಾಗಿದ್ದ ಎಷ್ಟೋ ಜನ ಅಂಗಳದ ಹೊರಗಿದ್ದರು ಎಂಬುದನ್ನು ಮರೆಯಬಾರದು.

ಈಗ ಆ ಪಟ್ಟಿಯ ವಿಷಯಕ್ಕೆ ಬರೋಣ. ಮೂರು ಸೆಕೆಂಡಿನ ನಿಯಮ 1936ರಿಂದಲೇ ಇತ್ತು. ಆದರೆ ಪಟ್ಟಿ 6 ಅಡಿ ಅಗಲ ಎಂದರೆ ರಿಂಗ್‌ನ ನೇರದಿಂದ ಅಂಚಿಗೆ ಬರೀ 3 ಅಡಿ. ಮೈಕನ್ ಅಂಚಿನ ಹೊರಗೆ ಕಾಲೂರಿ ನಿಂತು ಎಷ್ಟು ಹೊತ್ತು ಬೇಕಾದರೂ ಚೆಂಡಿಗೆ ಕಾಯಬಹುದಿತ್ತು. ಚೆಂಡು ಸಿಕ್ಕಿತೆಂದರೆ ಒಂದು ಹೆಜ್ಜೆ, ಒಂದು ತಿರುವು, ಕೈ ಚಾಚಿದರೆ ರಿಂಗ್. 1948ರಿಂದ 1951ರವರೆಗಿನ ಮೂರು ಋತುಗಳಲ್ಲಿ ಪಂದ್ಯಕ್ಕೆ ಸರಾಸರಿ 28.3, 27.4, 28.4 ಪಾಯಿಂಟ್. ಇಡೀ ತಂಡದ ಸರಾಸರಿ ಗಳಿಕೆಯೇ 80ರ ಆಸುಪಾಸಿನಲ್ಲಿದ್ದ ಕಾಲವದು.

12 ಅಡಿಗೆ ಹಿಗ್ಗಿಸಿದ ಮೇಲೆ ಅಂಚು ರಿಂಗ್‌ನ ನೇರದಿಂದ 6 ಅಡಿ ದೂರ ಹೋಯಿತು. ಕಾಯುವ ಜಾಗವೇ 3 ಅಡಿ ಹಿಂದೆ ಸರಿದಂತೆ. ಕೇಳಲು ಸಣ್ಣದು, ಆದರೆ ಹುಕ್ ಶಾಟ್ ಎಸೆಯುವವನಿಗೆ ಅದು ಬೇರೆಯೇ ದೂರ. ಹೆಚ್ಚು ಹೆಜ್ಜೆ ಬೇಕು, ಎದುರಾಳಿಗೆ ಹೆಚ್ಚು ಸಮಯ ಸಿಗುತ್ತದೆ. ಮುಂದಿನ ಋತುವಿನಲ್ಲಿ ಮೈಕನ್‌ನ ಸರಾಸರಿ 23.8ಕ್ಕೆ ಇಳಿಯಿತು. ನಿಯಮ ಗೆದ್ದಿತು ಎನ್ನಬೇಕೇ? ಆ ಋತುವಿನಲ್ಲೇ ರಾಚೆಸ್ಟರ್ ವಿರುದ್ಧ ಆತ ಜೀವನದ ಗರಿಷ್ಠ 61 ಪಾಯಿಂಟ್ ಗಳಿಸಿದ, ಲೇಕರ್ಸ್ ಆ ವರ್ಷವೂ ಮುಂದಿನ ಎರಡು ವರ್ಷವೂ ಕಪ್ ಎತ್ತಿತು. ಮೈಕನ್ ಹೊರಗೆ ಸರಿದದ್ದರಿಂದ ರಿಂಗ್‌ನ ಮುಂದೆ ಜಾಗ ತೆರೆದುಕೊಂಡಿತು. ಅಲ್ಲಿಗೆ ಪೊಲಾರ್ಡ್, ಮಾರ್ಟಿನ್ ನುಗ್ಗತೊಡಗಿದರು. ಮೈಕನ್ ಅವರಿಗೆ ಪಾಸ್ ಕೊಡತೊಡಗಿದ. ಒಬ್ಬನನ್ನು ತಡೆಯಲು ಮಾಡಿದ ನಿಯಮ ಆಟಕ್ಕೇ ಉಸಿರಾಡಲು ಜಾಗ ಕೊಟ್ಟಿತು. ಮುಂದೆ ವಿಲ್ಟ್ ಚೇಂಬರ್ಲಿನ್ ಎಂಬ ಇನ್ನೂ ದೊಡ್ಡ ತಲೆನೋವು ಬಂದಾಗ, 1964ರಲ್ಲಿ ಪಟ್ಟಿಯನ್ನು 16 ಅಡಿ ಮಾಡಿದರು.

ರಿಂಗನ್ನೇ ಎತ್ತರಿಸಿದರೆ ಹೇಗೆ ಎಂದೂ ಯೋಚಿಸಿದರು. ಕಾನ್ಸಾಸ್‌ನ ಹೆಸರಾಂತ ಕೋಚ್ ಫಾಗ್ ಆ್ಯಲೆನ್ 12 ಅಡಿಯ ರಿಂಗ್ ಬೇಕೆಂದು ವರ್ಷಗಳಿಂದ ವಾದಿಸುತ್ತಿದ್ದರು. 1954ರ ಮಾರ್ಚ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ ಲೇಕರ್ಸ್ ಮತ್ತು ಮಿಲ್ವಾಕಿ ಹಾಕ್ಸ್ ನಡುವೆ ಹಾಗೇ ಆಡಿಸಿ ನೋಡಿದರು. ಲೇಕರ್ಸ್ 65–63ರಲ್ಲಿ ಗೆದ್ದಿತು. ಎಲ್ಲರ ಗುರಿಯೂ ತಪ್ಪಿತು, ತಪ್ಪಿದ ಚೆಂಡು ಹಿಡಿಯಲು ಎತ್ತರದವರೇ ಮುಂದಿದ್ದರು. ಗಿಡ್ಡವರಿಗೆ ಅನುಕೂಲ ಮಾಡಲು ಹೋಗಿ ಅವರನ್ನೇ ಇನ್ನಷ್ಟು ದೂರ ಮಾಡಿದಂತಾಯಿತು. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟರು.

ಮೂರನೆಯ ದೊಡ್ಡ ಬದಲಾವಣೆಯ ಬೀಜ 1950ರ ನವೆಂಬರ್ 22ರ ಪಂದ್ಯದಲ್ಲಿ ಕಾಣುತ್ತದೆ. ಆಗ ಚೆಂಡು ಸಿಕ್ಕ ತಂಡ ಇಷ್ಟು ಹೊತ್ತಿನೊಳಗೆ ರಿಂಗ್‌ಗೆ ಎಸೆಯಬೇಕು ಎಂಬ ಕಟ್ಟುಪಾಡೇ ಇರಲಿಲ್ಲ. ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಲೇಕರ್ಸ್‌ನ ತವರಿಗೆ ಬಂದಿತ್ತು. ಮೈಕನ್ ಕೈಗೆ ಚೆಂಡು ಹೋದರೆ ತಾನೇ ತೊಂದರೆ? ಹೋಗಲೇ ಬಿಡಬಾರದು ಎಂದು ನಿರ್ಧರಿಸಿ, ತಮ್ಮ ತಮ್ಮಲ್ಲೇ ಪಾಸ್ ಮಾಡುತ್ತ, ಚೆಂಡು ಹಿಡಿದು ನಿಲ್ಲುತ್ತ ಕಾಲ ತಳ್ಳಿದರು. 7,021 ಪ್ರೇಕ್ಷಕರು ಕೂಗಾಡಿದರು. ಮೊದಲ ಕ್ವಾರ್ಟರ್ ಮುಗಿದಾಗ 8–7. ಕೊನೆಯ ಕ್ವಾರ್ಟರ್‌ನಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು 4 ಪಾಯಿಂಟ್. ಕೆಲವೇ ಸೆಕೆಂಡ್ ಉಳಿದಿದ್ದಾಗ ಲ್ಯಾರಿ ಫೌಸ್ಟ್ ಹಾಕಿದ ಚೆಂಡಿನಿಂದ ಪಿಸ್ಟನ್ಸ್ 19–18ರಲ್ಲಿ ಗೆದ್ದಿತು. ಲೇಕರ್ಸ್‌ನ 18ರಲ್ಲಿ 15 ಮೈಕನ್‌ನದೇ. ಆಟದ ಓಟದಲ್ಲಿ ಲೇಕರ್ಸ್ ಹಾಕಿದ ನಾಲ್ಕೂ ಬಾಸ್ಕೆಟ್ ಆತನವೇ. ಎನ್‌ಬಿಎ ಇತಿಹಾಸದಲ್ಲಿ ಇಷ್ಟು ಕಡಿಮೆ ಪಾಯಿಂಟ್‌ಗಳ ಪಂದ್ಯ ಇನ್ನೊಂದಿಲ್ಲ.

ಪಿಸ್ಟನ್ಸ್ ಮಾಡಿದ್ದು ನಿಯಮದೊಳಗಿನ ಆಟವೇ. ಆದರೆ ಟಿಕೆಟ್ ಕೊಂಡು ಬಂದವರು ಮತ್ತೆ ಬರಬೇಕಲ್ಲ! ಮುಂದಿದ್ದ ತಂಡ ಚೆಂಡು ಬಿಡುವುದಿಲ್ಲ. ಹಿಂದಿದ್ದವರಿಗೆ ಫೌಲ್ ಮಾಡಿ ಕಸಿಯುವುದಲ್ಲದೆ ಬೇರೆ ದಾರಿ ಇಲ್ಲ. ಕೊನೆಯ ಭಾಗ ಫೌಲ್‌ಗೆ ಬದಲಾಗಿ ಸಿಗುವ ಅಡ್ಡಿಯಿಲ್ಲದ ಎಸೆತಗಳ, ಅಂದರೆ ಫ್ರೀ ಥ್ರೋಗಳ ಮೆರವಣಿಗೆ. 1951ರ ಜನವರಿಯಲ್ಲಿ ಇಂಡಿಯಾನಾಪೊಲಿಸ್ ಮತ್ತು ರಾಚೆಸ್ಟರ್ ನಡುವಿನ ಪಂದ್ಯ ಆರು ಓವರ್‌ಟೈಮ್‌ಗೆ ಹೋಯಿತು, ಪ್ರತಿ ಸಲವೂ ಚೆಂಡು ಸಿಕ್ಕವರು ಕೊನೆಯ ಒಂದು ಎಸೆತಕ್ಕಾಗಿ ನಿಂತಲ್ಲೇ ನಿಂತರು.

ಪರಿಹಾರ ಕೊಟ್ಟವರು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್. ಅವರ ಲೆಕ್ಕ ಸರಳ: ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. ಜನ ಇಷ್ಟಪಡುವ ಚುರುಕಾದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಸಲ ರಿಂಗ್‌ಗೆ ಎಸೆಯುತ್ತವೆ. ಭಾಗಿಸಿದರೆ 24. ಚೆಂಡು ಸಿಕ್ಕ 24 ಸೆಕೆಂಡಿನೊಳಗೆ ಎಸೆಯಿರಿ, ಇಲ್ಲವೇ ಚೆಂಡು ಎದುರಾಳಿಗೆ. ಈ 24 ಸೆಕೆಂಡಿನ ಗಡಿಯಾರ 1954–55ರ ಋತುವಿನಿಂದ ಜಾರಿಗೆ ಬಂತು. ತಂಡವೊಂದರ ಸರಾಸರಿ ಗಳಿಕೆ 79.5ರಿಂದ ಒಂದೇ ವರ್ಷದಲ್ಲಿ 93.1ಕ್ಕೆ ನೆಗೆಯಿತು. ಹಿಂದಿನ ವರ್ಷ ಫೈನಲ್‌ನಲ್ಲಿ ಮೈಕನ್‌ನ ಲೇಕರ್ಸ್ ಎದುರು ಸೋತಿದ್ದ ಸಿರಾಕ್ಯೂಸ್, ಗಡಿಯಾರದ ಮೊದಲ ವರ್ಷವೇ ಚಾಂಪಿಯನ್ ಆಯಿತು.

ಆ ವರ್ಷ ಮೈಕನ್ ಅಂಗಳದಲ್ಲಿರಲಿಲ್ಲ. ಮೂವತ್ತರ ವಯಸ್ಸಿಗೇ, ಮುರಿದ ಮೂಳೆಗಳ ಪಟ್ಟಿ ಬೆಳೆದ ಮೇಲೆ, ಸಂಸಾರಕ್ಕೆ ಸಮಯ ಬೇಕೆಂದು ನಿವೃತ್ತನಾಗಿದ್ದ. 1955–56ರಲ್ಲಿ ಮರಳಿ 37 ಪಂದ್ಯ ಆಡಿದಾಗ ಸರಾಸರಿ 10.5. ಗಡಿಯಾರ ಆತನನ್ನು ಸೋಲಿಸಿತು ಎಂದು ಕೆಲವರು ಬರೆಯುತ್ತಾರೆ. ಒಂದೂವರೆ ವರ್ಷ ಆಡದೆ ಬಂದ ಭಾರದ ಮನುಷ್ಯ, ಹಿಂದಿಗಿಂತ ವೇಗದ ಆಟ: ಎರಡೂ ಸೇರಿದ್ದವು ಎನ್ನುವುದೇ ನ್ಯಾಯ. ರಿಂಗ್‌ನ ಬಳಿ ಆಡುವ ಎತ್ತರದ ಆಟಗಾರನಿಗೆ ಸೆಂಟರ್ ಎನ್ನುತ್ತಾರೆ; ನಿಧಾನವಾಗಿ ನಡೆದು ಬಂದು ಜಾಗ ಹಿಡಿದು ನಿಲ್ಲುವ ಸೆಂಟರ್‌ಗಳ ಕಾಲ ಮುಗಿಯುತ್ತಿತ್ತು. 1956ರಲ್ಲೇ ಕಾಲೇಜಿನಿಂದ ಬಿಲ್ ರಸೆಲ್ ಬಂದ. ಆತ ಅಂಗಳದ ಉದ್ದಕ್ಕೂ ಓಡುತ್ತಿದ್ದ ಸೆಂಟರ್.

ಆಮೇಲಿನ ಬದುಕಿನ ಬಹುಭಾಗ ಬೇಗ ಹೇಳಿ ಮುಗಿಸಬಹುದು. ಡಿಪಾಲ್‌ನಲ್ಲೇ ಕಾನೂನು ಓದಿದ್ದರಿಂದ ವಕೀಲಿಕೆ ಇತ್ತು. 1956ರಲ್ಲಿ ಮಿನೆಸೋಟಾದಿಂದ ರಿಪಬ್ಲಿಕನ್ ಅಭ್ಯರ್ಥಿಯಾಗಿ ಅಮೆರಿಕದ ಸಂಸತ್ತಿಗೆ ನಿಂತು ಸೋತ. 1957–58ರಲ್ಲಿ ಲೇಕರ್ಸ್ ಕೋಚ್ ಆಗಿ 39 ಪಂದ್ಯಗಳಲ್ಲಿ 9 ಗೆದ್ದು ಕೆಳಗಿಳಿದ. ಸ್ವಲ್ಪ ನಿಂತು ನೋಡಬೇಕಾದದ್ದು 1967. ಎಬಿಎ ಎಂಬ ಎದುರು ಲೀಗ್ ಹುಟ್ಟಿದಾಗ ಮೈಕನ್ ಅದರ ಮೊದಲ ಕಮಿಷನರ್. ಕಂದು ಚೆಂಡು ದೂರದಿಂದ, ಟಿವಿಯಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದು ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು ತಂದದ್ದು ಆತನೇ. ದೂರದಿಂದ ಹಾಕಿದರೆ ಮೂರು ಪಾಯಿಂಟ್ ಎಂಬ ಗೆರೆಯನ್ನೂ ಎಬಿಎ ಎಳೆಯಿತು. ಬೇರೊಂದು ಲೀಗ್ 1961ರಲ್ಲಿ ಅದನ್ನು ಮಾಡಿ ನೋಡಿತ್ತು, ಆದರೆ ಜನಪ್ರಿಯವಾದದ್ದು ಇಲ್ಲಿ. ಎನ್‌ಬಿಎ 1979ರಲ್ಲಿ ಅದನ್ನು ಒಪ್ಪಿಕೊಂಡಿತು. ರಿಂಗ್‌ನ ಬುಡದಲ್ಲೇ ಬದುಕು ಕಟ್ಟಿಕೊಂಡವನು ಗಿಡ್ಡ ಆಟಗಾರರಿಗೆ ದೂರದಿಂದ ಆಳುವ ಆಯುಧ ಕೊಟ್ಟದ್ದು ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ವ್ಯಂಗ್ಯ.

ಕೊನೆಯ ವರ್ಷಗಳು ಕಷ್ಟದವು. ಸಕ್ಕರೆ ಕಾಯಿಲೆಯಿಂದ ಬಲಗಾಲು ಕತ್ತರಿಸಬೇಕಾಯಿತು, ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಹಿಡಿಯಿತು. 1965ಕ್ಕೆ ಮೊದಲು ನಿವೃತ್ತರಾದ ಆಟಗಾರರಿಗೆ ಲೀಗ್ ಕೊಡುತ್ತಿದ್ದ ಪಿಂಚಣಿ ತೀರ ಅಲ್ಪ. ಅದನ್ನು ಹೆಚ್ಚಿಸಬೇಕೆಂದು ಮೈಕನ್ ಕೊನೆಯವರೆಗೂ ಜಗಳವಾಡಿದ. ತನ್ನ ನೆನಪಿನ ವಸ್ತುಗಳನ್ನೇ ಮಾರಿದ. 2005ರ ಜೂನ್ 1ರಂದು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ಭರಿಸಲು ಮುಂದೆ ಬಂದದ್ದು ಶಕೀಲ್ ಓನೀಲ್, ಲೇಕರ್ಸ್‌ಗೆ ಆಡಿದ ಇನ್ನೊಬ್ಬ ದೈತ್ಯ ಸೆಂಟರ್. ನಂಬರ್ 99 (ಮೈಕನ್‌ನ ಅಂಗಿಯ ಸಂಖ್ಯೆ) ಇಲ್ಲದೆ ತಾನಿಲ್ಲ ಎಂದ ಓನೀಲ್.

ಲೇಕರ್ಸ್ ತಂಡ 1960ರಲ್ಲೇ ಮಿನಿಯಾಪೊಲಿಸ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಗಿತ್ತು. ಮೈಕನ್ ತೊಟ್ಟ 99ನೇ ನಂಬರನ್ನು ಇನ್ನು ಯಾರೂ ತೊಡುವಂತಿಲ್ಲ ಎಂದು ಅದು ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ, ಆತ ಸತ್ತು ಹದಿನೇಳು ವರ್ಷಗಳಾದ ಮೇಲೆ. ಅಷ್ಟರಲ್ಲಿ ಆ ತಂಡ ಇತರ ಸೆಂಟರ್‌ಗಳಾದ ಚೇಂಬರ್ಲಿನ್, ಕರೀಂ ಅಬ್ದುಲ್ ಜಬ್ಬಾರ್, ಓನೀಲ್ ಮೂವರ ನಂಬರುಗಳನ್ನೂ ಆಗಲೇ ಗೋಡೆಗೆ ಏರಿಸಿಯಾಗಿತ್ತು.